ಹೆಣ್ಣುಮಕ್ಕಳಿಗೂ ಒಂದು ಚೆಂಡು

ರಬಾಳೆಯಿಂದ ರೈಲು ಹತ್ತಿದರೆ ನೆರೂಳ್. ಅಲ್ಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2022ರ ಅಕ್ಟೋಬರ್ 30ರಂದು, 17 ವರ್ಷದೊಳಗಿನ ಬಾಲಿಕೆಯರ ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯದಲ್ಲಿ ಸ್ಪೇನ್ ತಂಡವು ಕೊಲಂಬಿಯಾವನ್ನು 1-0ರಿಂದ ಸೋಲಿಸಿತು. ನಮ್ಮ ಭಾರತದ ಬಾಲಿಕೆಯರು ಭುವನೇಶ್ವರದಲ್ಲೇ ಮೂರೂ ಪಂದ್ಯ ಸೋತಿದ್ದರು. ಬಿಟ್ಟುಕೊಟ್ಟ ಗೋಲು 16, ಹೊಡೆದದ್ದು ಸೊನ್ನೆ.

ನಗುವುದು ಸುಲಭ. ಆದರೆ ತಂಡದ ನಾಯಕಿ ಅಸ್ತಮ್ ಒರಾನ್, ಝಾರ್ಖಂಡದ ಗುಮ್ಲಾ ಜಿಲ್ಲೆಯಲ್ಲಿ ಕೂಲಿ ಮಾಡಿ ಬದುಕುವ ಮನೆಯ ಮಗಳು. ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಅವಳಿಗೂ ಏನು ಅಂತರ? ಅವಳ ಕಾಲಿಗೆ ಚೆಂಡು ಸಿಕ್ಕಿತು. ನಮ್ಮ ಹುಡುಗಿಯರ ಕೈಗೆ ಸಿಕ್ಕುವುದು ನೀರಿನ ಕೊಡ.

ಹುಡುಗರ ಕ್ರಿಕೆಟ್ಟಿಗೆ ವರ್ಗಣಿ ಎತ್ತುವ ನಾವು ಹುಡುಗಿಯರಿಗೆ ಒಂದು ಚೆಂಡನ್ನೂ ವಾರಕ್ಕೊಂದು ಸಂಜೆ ಮೈದಾನವನ್ನೂ ಕೊಡಲಾರೆವೆ? ಬರುವ ಭಾನುವಾರವೇ ಇದು ಆರಂಭವಾಗಲಿ.