ಸೋರಿದ ನೀರು ಯಾರ ಲೆಕ್ಕಕ್ಕೆ?



ನಿಮ್ಮ ಪಟ್ಟಣದ ನೀರು ಸರಬರಾಜು ಕಚೇರಿಗೆ ಹೋಗಿ, 'ನಮ್ಮ ಕೇರಿಗೆ ಯಾಕ್ರೀ ನೀರು ಬರ್ತಿಲ್ಲ?' ಅಂತ ಕೇಳಿ. ಬರೋ ಉತ್ತರ ಒಂದೇ: 'ನೀರೇ ಇಲ್ಲ, ಮೇಲಿಂದಲೇ ಕಮ್ಮಿ.' ಅದೇ ಕಚೇರಿಯ ಕಡತದಲ್ಲಿ ಇನ್ನೊಂದು ಸಂಗತಿ ಮಲಗಿರುತ್ತದೆ. ಪಂಪು ಮಾಡಿದ ನೀರಿನಲ್ಲಿ ಒಂದು ದೊಡ್ಡ ಪಾಲು ಬಿಲ್ಲಿಗೇ ಬಂದಿಲ್ಲ ಅಂತ. ಇದನ್ನು ಮೊದಲು 'ಲೆಕ್ಕಕ್ಕೆ ಸಿಗದ ನೀರು' ಅನ್ನುತ್ತಿದ್ದರು. ಈಗ 'ಆದಾಯ ತರದ ನೀರು' ಅನ್ನುತ್ತಾರೆ. ಈ ಎರಡನೇ ಹೆಸರಿನೊಳಗೆ ಒಂದು ಮೋಸ ಅಡಗಿದೆ. ಓದೋ ಹುಡುಗ ಹುಡುಗಿಯರು ಅದನ್ನು ಬಿಚ್ಚಿ ನೋಡಬೇಕು. ನೀರಿನ ಲೆಕ್ಕ ಇಂಜಿನಿಯರುಗಳ ವಿಷಯ, ನಮಗ್ಯಾಕೆ ಅಂತ ಬಿಟ್ಟರೆ ಕೊನೆಗೆ ಬಾಯಾರುವವರು ನಾವೇ.

ಬೆಂಗಳೂರನ್ನೇ ನೋಡಿ. ಅಲ್ಲಿಗೆ ಕಾವೇರಿ ಬರೋದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. 1974ರಲ್ಲಿ ಮೊದಲ ಹಂತ ಬಂತು. ಐದನೇ ಹಂತ ಬಂದದ್ದು 2024ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ ಊರಿಗೆ ಬರುತ್ತಿದ್ದ ಕಾವೇರಿ ನೀರು ದಿನಕ್ಕೆ ಸುಮಾರು 145 ಕೋಟಿ ಲೀಟರ್. ಐದನೇ ಹಂತದ ಯೋಜನೆ ಇನ್ನೂ 77.5 ಕೋಟಿ ಲೀಟರಿನದು. ಹೀಗೆ ಕರೆಂಟು ಸುಟ್ಟು ಎತ್ತಿ ತಂದ ನೀರಿನಲ್ಲಿ, 2010ರ ದಶಕದ ಮೊದಲ ವರ್ಷಗಳಲ್ಲಿ ನೂರಕ್ಕೆ 40ಕ್ಕೂ ಮೇಲೆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಇದು 20ರೊಳಗೆ ಇರಬೇಕು ಅಂತ ಕೇಂದ್ರ ಸರ್ಕಾರ 2008ರಲ್ಲೇ ಮಟ್ಟ ಗೊತ್ತು ಮಾಡಿತ್ತು. 2024ರ ಮಾರ್ಚಿನಲ್ಲಿ ನೀರಿಗೆ ಬರ ಬಂದಾಗ, ಕುಡಿಯೋ ನೀರಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಿದರು. ಹಾಕಲಿ, ಸರಿಯೇ. ಆದರೆ ನೆಲದೊಳಗೆ ಒಡೆದ ಪೈಪಿಗೆ ದಂಡ ಹಾಕೋರು ಯಾರು?

ಈಗ ಲೆಕ್ಕದ ವಿಷಯಕ್ಕೆ ಬರೋಣ. ಜಮಾ ಖರ್ಚಿನ ಪುಸ್ತಕದ ಹಾಗೆ ನೀರಿಗೂ ಒಂದು ಪುಸ್ತಕ ಇದೆ. ಇಂಟರ್‌ನ್ಯಾಷನಲ್ ವಾಟರ್ ಅಸೋಸಿಯೇಷನ್ ಅನ್ನೋ ಸಂಸ್ಥೆ 2000ದಲ್ಲಿ ಅದಕ್ಕೆ ಒಂದು ಮಾದರಿ ಕೊಟ್ಟಿತು. ಊರಿಗೆ ಬಿಟ್ಟ ಒಟ್ಟು ನೀರಿನಲ್ಲಿ ಬಿಲ್ಲಾದ ನೀರನ್ನು ಕಳೆಯಿರಿ. ಉಳಿದದ್ದರಲ್ಲಿ ಮೂರು ಬೇರೆ ಬೇರೆ ಬಾಬತ್ತು ಇರುತ್ತವೆ.

ಒಂದು, ಮಣ್ಣಿಗೆ ಹೋದ ನೀರು. ಒಡೆದ ಪೈಪು, ಸಡಿಲ ಜಾಯಿಂಟು, ತುಂಬಿ ಹರಿಯೋ ಟ್ಯಾಂಕು. ಇದು ಯಾರ ಗಂಟಲಿಗೂ ಇಳಿಯಲಿಲ್ಲ.

ಎರಡು, ಕಾಗದದಲ್ಲಿ ಕಳೆದುಹೋದ ನೀರು. ಕಳ್ಳ ಕನೆಕ್ಷನ್ನು, ನಿಂತುಹೋದ ಮೀಟರು, ನಿಧಾನ ಓಡೋ ಮೀಟರು, ಬರೆಯೋವಾಗಿನ ತಪ್ಪು. ಈ ನೀರು ಯಾರೋ ಉಪಯೋಗಿಸಿದ್ದಾರೆ, ದುಡ್ಡು ಕೊಟ್ಟಿಲ್ಲ ಅಷ್ಟೇ.

ಮೂರು, ಒಪ್ಪಿ ಕೊಟ್ಟು ಬಿಲ್ಲು ಹಾಕದ ನೀರು. ಬೆಂಕಿ ಆರಿಸೋದಕ್ಕೆ ಕೊಟ್ಟದ್ದು, ಪೈಪು ತೊಳೆಯೋದಕ್ಕೆ ಬಿಟ್ಟದ್ದು, ಬೀದಿಯ ಪುಕ್ಕಟೆ ನಲ್ಲಿಯ ನೀರು.

ಮೋಸ ಇರೋದು ಇಲ್ಲೇ. ನಷ್ಟ ಅನ್ನಬೇಕಾದದ್ದು ಮೊದಲಿನ ಎರಡನ್ನು ಮಾತ್ರ. ಆದರೆ 'ಆದಾಯ ತರದ ನೀರು' ಅಂದ ಕೂಡಲೇ ಮೂರನ್ನೂ ಒಂದೇ ಗಂಟು ಕಟ್ಟಿದ ಹಾಗಾಯಿತು. ಕೇರಿಯ ತಾಯಿ ಕೊಡ ಹಿಡಿದು ತಂದ ನೀರೂ, ಚರಂಡಿಗೆ ಸೋರಿದ ನೀರೂ ಒಂದೇ ಸಾಲಿನಲ್ಲಿ! ಗಂಟು ಕರಗಿಸಿ ಅಂತ ಮೇಲಿನಿಂದ ಹುಕುಂ ಬಂದರೆ ಸುಲಭದ ದಾರಿ ಯಾವುದು? ರಸ್ತೆ ಅಗೆದು ಪೈಪು ಹುಡುಕೋದಕ್ಕೆ ಆಳು ಬೇಕು, ದುಡ್ಡು ಬೇಕು, ಕಾಲ ಬೇಕು. ದೊಡ್ಡವರ ಕಟ್ಟಡದ ಮೀಟರು ಮುಟ್ಟೋದಕ್ಕೆ ಗುಂಡಿಗೆ ಬೇಕು. ಬೀದಿ ನಲ್ಲಿ ಕೀಳೋದಕ್ಕೆ ಒಂದು ಪಾನಾ ಸಾಕು. ನಲ್ಲಿ ಕಿತ್ತರೆ ಕಾಗದದ ಮೇಲೆ ನಷ್ಟ ಇಳಿಯುತ್ತದೆ. ಸೋರೋದು ಸೋರುತ್ತಲೇ ಇರುತ್ತದೆ.

ಬೀದಿ ನಲ್ಲಿ ನಿಜಕ್ಕೂ ಎಷ್ಟು ಕುಡಿಯುತ್ತದೆ? ಕೇಂದ್ರ ಸರ್ಕಾರದ 1999ರ ಕೈಪಿಡಿ ನೋಡಿ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ 135 ಲೀಟರ್. ಬೀದಿ ನಲ್ಲಿಯಿಂದ ಹೊತ್ತು ತರುವವರಿಗೆ 40 ಲೀಟರ್. ನಮ್ಮ ಹೊಟ್ಟೆ ಬಟ್ಟೆಗೆ ಅಳತೆ ಹಾಕಿದಂತೆ ನಮ್ಮ ಬಾಯಾರಿಕೆಗೂ ಅಳತೆ! ಇರಲಿ, ಆ 40ನ್ನೇ ಹಿಡಿಯೋಣ. 200 ಜನರ ಒಂದು ಕೇರಿಗೆ ದಿನಕ್ಕೆ 8,000 ಲೀಟರ್. ದೊಡ್ಡ ಪೈಪಿನ ಒಂದೇ ಒಂದು ಜಾಯಿಂಟು ನಿಮಿಷಕ್ಕೆ 6 ಲೀಟರ್ ಸೋರಿದರೆ ದಿನಕ್ಕೆ 8,640 ಲೀಟರ್. ಇಡೀ ಕೇರಿಯ ನೀರಿಗಿಂತ ಒಂದು ತೂತಿನ ನೀರೇ ಹೆಚ್ಚಾಯಿತು. ಬೆಂಗಳೂರಿನ ಆ 145 ಕೋಟಿಯಲ್ಲಿ ನೂರಕ್ಕೆ ಒಂದು ಪಾಲು ಉಳಿಸಿದರೂ 1.45 ಕೋಟಿ ಲೀಟರ್. ಅಂದರೆ 40 ಲೀಟರಿನಂತೆ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರ ನೀರು.

ಸೋರಿಕೆಯಿಂದ ಹೋಗೋದು ನೀರು ಮಾತ್ರ ಅಲ್ಲ. ತೂತುಗಳಲ್ಲಿ ಒತ್ತಡ ಇಳಿದು ಪೈಪಿನ ಕೊನೆಗೆ ಬರೋ ಹೊತ್ತಿಗೆ ನಲ್ಲಿ ಬರೀ ಗಾಳಿ ಉಗುಳುತ್ತದೆ. ಪೈಪಿನ ಕೊನೆಯಲ್ಲಿ ಯಾರ ಮನೆಗಳಿವೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಮೂರು ದಿನಕ್ಕೊಮ್ಮೆ ನೀರು ಬಿಡೋ ಊರಲ್ಲಿ ಉಳಿದ ಹೊತ್ತು ಪೈಪು ಖಾಲಿ. ಖಾಲಿ ಪೈಪಿನ ತೂತು ಪಕ್ಕದ ಚರಂಡಿಯ ಕೊಳೆಯನ್ನು ಒಳಕ್ಕೆ ಎಳೆಯುತ್ತದೆ. ನೀರು ಆಚೆ ಹೋದ ತೂತಿನಲ್ಲೇ ವಾಂತಿಭೇದಿ ಒಳಗೆ ಬರುತ್ತದೆ.

'ಇದೆಲ್ಲ ಸರಿಮಾಡೋಕಾಗಲ್ಲ, ಹಳೇ ಪೈಪು' ಅನ್ನೋರಿಗೆ ನಮಗಿಂತ ಬಡ ದೇಶದ ಒಂದು ಊರಿನ ಉದಾಹರಣೆ ಕೊಡಿ. ಕಾಂಬೋಡಿಯದ ರಾಜಧಾನಿ ನಾಮ್ ಪೆನ್. ಯುದ್ಧ, ಕಗ್ಗೊಲೆ ಕಂಡು ಹಾಳಾದ ಊರು. 1993ರಲ್ಲಿ ಅಲ್ಲಿ ನೂರಕ್ಕೆ 72 ಪಾಲು ನೀರು ಹೀಗೇ ಹೋಗುತ್ತಿತ್ತು. 2010ರ ಹೊತ್ತಿಗೆ ಅದು 6ರ ಹತ್ತಿರಕ್ಕೆ ಇಳಿಯಿತು. ಅಲ್ಲಿನ ಮುಖ್ಯಾಧಿಕಾರಿ ಏಕ್ ಸೊನ್ ಚಾನ್ ದೊಡ್ಡವರನ್ನು ಬಿಡಲಿಲ್ಲ. ಬಾಕಿ ಕೊಡದ ಸೇನಾಧಿಕಾರಿಯ ಮನೆಗೆ ಹೋದಾಗ ಆತ ಬಂದೂಕು ತೋರಿಸಿದ, ಆದರೂ ಕೆಲಸ ನಿಲ್ಲಲಿಲ್ಲ. ಕಳ್ಳ ಕನೆಕ್ಷನ್ನಿಗೆ ಕೈಜೋಡಿಸಿದ ಸಿಬ್ಬಂದಿಗೆ ಶಿಕ್ಷೆಯಾಯಿತು, ಬಡವರ ಮನೆಯ ಕನೆಕ್ಷನ್ನಿಗೆ ರಿಯಾಯಿತಿ ಸಿಕ್ಕಿತು. ಆ ಸಂಸ್ಥೆ ಸರ್ಕಾರದ್ದೇ. ನಷ್ಟ ತೋರಿಸಿ ನೀರನ್ನು ಕಂಪನಿಗೆ ಒಪ್ಪಿಸಿ ಅನ್ನೋರು ಇದನ್ನು ಮರೆಮಾಚುತ್ತಾರೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌಡಾರ ಕೆರೆಗೆ ಇಳಿದಾಗ ಆ ಕೆರೆ ಪುರಸಭೆಯ ಕಾಗದದಲ್ಲಿ ಮೊದಲೇ ಎಲ್ಲರಿಗೂ ತೆರೆದಿತ್ತು. ನೀರು ಮಾತ್ರ ಸಿಕ್ಕಿರಲಿಲ್ಲ. ಕಾಗದಕ್ಕೂ ನೀರಿಗೂ ಇರೋ ಈ ದೂರವನ್ನು ಅಳೆಯೋ ಕೆಲಸವೇ ನೀರಿನ ತಪಾಸಣೆ. ಅಳೆಯೋದು ನಮಗೆ ಹೊಸದಲ್ಲ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ನಮ್ಮವನೇ. ಯಾರಿಗೆ ಎಷ್ಟು ಅನ್ನೋದು ಅವನಿಗೆ ಗೊತ್ತಿತ್ತು. ಗದ್ದೆ ಮಾತ್ರ ಬಹುಪಾಲು ಬೇರೆಯವರದು.

ಹಾಸ್ಟೆಲಿನಿಂದಲೇ ಶುರು ಮಾಡಿ. ಟ್ಯಾಂಕಿಗೆ ನೀರು ಬಾರದ ರಾತ್ರಿ ಎಲ್ಲ ನಲ್ಲಿ ಕಟ್ಟಿ ಟ್ಯಾಂಕಿನ ಮಟ್ಟ ಗುರುತು ಹಾಕಿ, ಬೆಳಗಿನ ಜಾವ ಮತ್ತೆ ನೋಡಿ. ಇಳಿದದ್ದೆಲ್ಲ ಸೋರಿಕೆ. ನಮ್ಮ ಕೇರಿಯ ನಲ್ಲಿಗೆ ತಿರುಪಿಲ್ಲದೆ ಹರಿಯುತ್ತಿದ್ದರೆ ಅದೂ ನಷ್ಟವೇ, ಅದನ್ನೂ ಬರೆಯಿರಿ. ಆಮೇಲೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಪುರಸಭೆಗೆ ಅರ್ಜಿ ಹಾಕಿ. ಕೇಳಬೇಕಾದ್ದು ಇಷ್ಟು:

1. ಊರಿಗೆ ಬಿಟ್ಟ ನೀರೆಷ್ಟು? ದೊಡ್ಡ ಮೀಟರಿನಲ್ಲಿ ಅಳೆದದ್ದೋ, ಅಂದಾಜೋ?
2. ನಷ್ಟದಲ್ಲಿ ಮಣ್ಣಿಗೆಷ್ಟು, ಕಾಗದದಲ್ಲಿ ಎಷ್ಟು? ಬೇರೆ ಬೇರೆ ಕೊಡಿ.
3. ಬೀದಿ ನಲ್ಲಿಯ ನೀರನ್ನು ಯಾವ ಬಾಬತ್ತಿಗೆ ಬರೆದಿದ್ದೀರಿ?
4. ಈ ವರ್ಷ ಮುಚ್ಚಿದ ತೂತುಗಳೆಷ್ಟು, ಕಿತ್ತ ನಲ್ಲಿಗಳೆಷ್ಟು?

ನಾಲ್ಕನೇ ಪ್ರಶ್ನೆಯ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮುಂದಿನ ಸಭೆಗೆ ತನ್ನಿ. ಹೋರಾಟ ಎಲ್ಲಿಂದ ಶುರುವಾಗಬೇಕು ಅಂತ ಅವೇ ಹೇಳುತ್ತವೆ.