ಎಳೆ ಹರಿದದ್ದು ಎಲ್ಲಿ?

ಬನಹಟ್ಟಿಯ ಒಂದು ನೇಕಾರ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಡಸಾಲೆಯ ಆಚೆ ಎರಡು ವಿದ್ಯುತ್ ಮಗ್ಗಗಳು ಖಟಖಟ ಸದ್ದು ಮಾಡುತ್ತಿವೆ. ಈಚೆ ಮೂಲೆಯ ಮೇಜಿನ ಮೇಲೆ ಯಾರೋ ಬಳಸಿ ಮಾರಿದ ಒಂದು ಗಣಕಯಂತ್ರ ಇದೆ. ಮನೆಯ ಹುಡುಗ ಪಿಯುಸಿ ಎರಡನೆಯ ವರ್ಷದ ವಿಜ್ಞಾನ ವಿದ್ಯಾರ್ಥಿ. ಮೊದಲಿದ್ದ ಗಣಕ ಕೆಟ್ಟುಹೋದಾಗ ಅದರ ಹಾರ್ಡ್ ಡಿಸ್ಕನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದಾನೆ. ಅಕ್ಕನ ಮದುವೆಯ ಫೋಟೋಗಳು ಅದರಲ್ಲಿವೆ. ತೀರಿಕೊಂಡ ಅಜ್ಜಿಯ ಕೊನೆಯ ಫೋಟೋ ಕೂಡ ಅದರಲ್ಲೇ ಇದೆ. ಬೇರೆ ಪ್ರತಿ ಎಲ್ಲಿಯೂ ಇಲ್ಲ.

ಈಗ ತಂದ ಗಣಕದಲ್ಲಿ ಡಿಸ್ಕ್ ಜೋಡಿಸುವ ಜಾಗಗಳೆಲ್ಲ ತುಂಬಿವೆ. ಹೀಗಾಗಿ ಹುಡುಗ ಒಂದು ಸಾಟಾ ಕಾರ್ಡ್ ಕೊಂಡು ತಂದ. ಮದರ್‌ಬೋರ್ಡಿನ ಖಾಲಿ ಸ್ಲಾಟಿನಲ್ಲಿ ಅದನ್ನು ಕೂಡಿಸಿ, ಹಳೆಯ ಡಿಸ್ಕನ್ನು ಅದಕ್ಕೆ ಜೋಡಿಸಿ ಗುಂಡಿ ಒತ್ತಿದ. ಪರದೆಯ ಮೇಲೆ ತಯಾರಕರ ಹೆಸರು ಬಂತು, ಕೆಳಗೆ ಒಂದು ಸಾಲು ಅಕ್ಷರ ಮೂಡಿತು. ಅಷ್ಟೇ. ಮುಂದೆ ಏನೂ ಇಲ್ಲ. ಕೀಲಿಮಣೆಯ ನಮ್‌ಲಾಕ್ ಗುಂಡಿ ಒತ್ತಿದರೂ ಅದರ ದೀಪ ಹತ್ತಲಿಲ್ಲ, ಆರಲಿಲ್ಲ.

ಕರೆಂಟು ಹೋಗಿ ಮಗ್ಗ ನಿಂತಾಗ ಚಹಾ ಕುಡಿಯಲು ಬಂದ ತಂದೆ ಸುದ್ದಿ ಕೇಳಿ ಸಿಟ್ಟಾದರು. "ಬಿಚ್ಚಬ್ಯಾಡ ಅಂತ ಎಷ್ಟ ಸಲ ಹೇಳ್ಬೇಕೋ ತಮ್ಮಾ? ಇದ್ದದ್ದೂ ಹೋತು!" ಸ್ಕ್ರೂಡ್ರೈವರ್ ಅವರ ಕಿಸೆ ಸೇರಿತು.

ಇಂಥ ಮನೆ ಬನಹಟ್ಟಿಯಲ್ಲೇ ಇರಬೇಕೆಂದಿಲ್ಲ. ಜಮಖಂಡಿಯಲ್ಲಿ, ಮುಧೋಳದಲ್ಲಿ, ಬೀಳಗಿಯಲ್ಲಿ, ಎಲ್ಲಿ ಬೇಕಾದರೂ ಇರಬಹುದು. ಹೊಸ ಕಾರ್ಡ್ ಹಾಕಿದೊಡನೆ ಗಣಕ ನಿಂತುಬಿಟ್ಟರೆ ಅದು ಸುಟ್ಟೇಹೋಯಿತು ಎಂದು ತಿಳಿಯುವವರೇ ಹೆಚ್ಚು. ಆದರೆ ನಿಂತ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲ. ಅದು ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಕೇಳಲು ಕಲಿಯುವುದೇ ವಿಜ್ಞಾನದ ಮೊದಲ ಪಾಠ.

ಗುಂಡಿ ಒತ್ತಿದಾಗ ನಡೆಯುವುದೇನು?

ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಬಯಾಸ್ ಎಂಬ ಕಿರು ಕಾರ್ಯಕ್ರಮ ಬರೆದಿಟ್ಟಿರುತ್ತದೆ. ವಿದ್ಯುತ್ ಬಂದೊಡನೆ ಮೊದಲು ಎಚ್ಚರಗೊಳ್ಳುವುದು ಇದೇ. ಬೆಳಿಗ್ಗೆ ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಇದು ಪ್ರೊಸೆಸರ್, ಮೆಮೊರಿ, ಕೀಲಿಮಣೆ ಎಂದು ಒಂದೊಂದನ್ನೇ ಪರೀಕ್ಷಿಸುತ್ತದೆ. ಆಮೇಲೆ ಸ್ಲಾಟುಗಳಲ್ಲಿ ಯಾವ ಕಾರ್ಡ್ ಇದೆ ಎಂದು ನೋಡುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಡಿಸ್ಕ್ ನಡೆಸುವ ಕಾರ್ಡು, ಚಿತ್ರ ಮೂಡಿಸುವ ಕಾರ್ಡು ಮುಂತಾದವುಗಳಲ್ಲಿ ಅವುಗಳದೇ ಆದ ಸಣ್ಣ ಕಾರ್ಯಕ್ರಮ ಇರುತ್ತದೆ. ಹಳೆಯ ಪದ್ಧತಿಯ ಬಯಾಸ್ ಮೆಮೊರಿಯ ಒಂದು ಗೊತ್ತಾದ ಭಾಗದಲ್ಲಿ 55 ಮತ್ತು ಎಎ ಎಂಬ ಎರಡು ಗುರುತಿನ ಬೈಟುಗಳನ್ನು ಹುಡುಕುತ್ತದೆ. ಗುರುತು ಸಿಕ್ಕರೆ, ಲೆಕ್ಕ ತಾಳೆಯಾದರೆ, ಯಂತ್ರದ ಹಿಡಿತವನ್ನು ಆ ಕಾರ್ಡಿನ ಕಾರ್ಯಕ್ರಮಕ್ಕೆ ಒಪ್ಪಿಸುತ್ತದೆ. ಮನೆಯ ಕೀಲಿಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟಂತೆ! ಅವರು ಕೆಲಸ ಮುಗಿಸಿ ಕೀಲಿಕೈ ಮರಳಿಸುವವರೆಗೆ ಮನೆಯವರು ಹೊರಗೇ ನಿಲ್ಲಬೇಕು. ಕಾರ್ಡಿನ ಕಾರ್ಯಕ್ರಮ ಬಾರದ ಉತ್ತರಕ್ಕಾಗಿ ಕಾಯುತ್ತ ಕುಳಿತರೆ ಇಡೀ ಗಣಕವೇ ನಿಂತುಬಿಡುತ್ತದೆ. ಯುಇಎಫ್‌ಐ ಎಂಬ ಹೊಸ ಪದ್ಧತಿಯ ಯಂತ್ರಗಳಲ್ಲಿ ರೀತಿ ಬೇರೆಯಾದರೂ ಕಾರ್ಡಿನ ಕಾರ್ಯಕ್ರಮ ಆರಂಭದಲ್ಲಿ ಓಡುವುದು ಅಲ್ಲಿಯೂ ಉಂಟು.

ಆದ್ದರಿಂದ ಗಣಕ ನಿಂತ ಜಾಗವೇ ಮೊದಲ ಸುಳಿವು. ಪರದೆ ಬೆಳಗುವ ಮೊದಲೇ ನಿಂತರೆ ಕಾರ್ಡ್ ಸರಿಯಾಗಿ ಕೂತಿಲ್ಲದಿರಬಹುದು, ವಿದ್ಯುತ್ ಸಾಲದಿರಬಹುದು. ತಯಾರಕರ ಹೆಸರು ಬಂದು ನಿಂತರೆ ಕಾರ್ಡಿನ ಕಾರ್ಯಕ್ರಮ ಅಥವಾ ಅದಕ್ಕೆ ಜೋಡಿಸಿದ ವಸ್ತುವಿನ ಮೇಲೆ ಅನುಮಾನ. ವಿಂಡೋಸ್ ಏಳುತ್ತಿರುವಾಗ ನಿಂತರೆ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಮೊದಲು ನೋಡಬೇಕು.

ಒಂದೇ ಗಂಟೆ, ಎರಡು ಬಾಗಿಲು

ಕಾರ್ಡಿನಿಂದ ಗಣಕ ನಿಲ್ಲುವ ಕಾಟ ಹಳೆಯದು. ಐಬಿಎಂ ಸಂಸ್ಥೆ 1981ರ ಆಗಸ್ಟಿನಲ್ಲಿ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಐದು ಸ್ಲಾಟುಗಳಿದ್ದವು. ಕಾರ್ಡುಗಳು ಪ್ರೊಸೆಸರಿನ ಗಮನ ಸೆಳೆಯಲು ಬಳಸುವ ಐಆರ್‌ಕ್ಯೂ ಎಂಬ ಸಾಲುಗಳು ಆ ಯಂತ್ರದಲ್ಲಿ ಎಂಟೇ ಇದ್ದವು. ಅವುಗಳಲ್ಲಿ ಒಂದು ಗಡಿಯಾರಕ್ಕೆ, ಒಂದು ಕೀಲಿಮಣೆಗೆ ಮೊದಲೇ ಮೀಸಲು. 1984ರ ಎಟಿ ಮಾದರಿಯಲ್ಲಿ ಈ ಸಾಲುಗಳನ್ನು ಹೆಚ್ಚಿಸಿದರು. ಆದರೂ ಸಾಲಲಿಲ್ಲ.

ಮನೆಯ ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಒಂದೇ ಸದ್ದಿನ ಗಂಟೆ ಕಟ್ಟಿದರೆ ಒಳಗಿನವರು ಯಾವ ಬಾಗಿಲಿಗೆ ಓಡಬೇಕು? ಎರಡು ಕಾರ್ಡುಗಳಿಗೆ ಒಂದೇ ಐಆರ್‌ಕ್ಯೂ ಸಿಕ್ಕಾಗ ಆಗುತ್ತಿದ್ದುದು ಇದೇ. ಆ ಕಾಲದ ಎನ್‌ಇ 2000 ಮಾದರಿಯ ನೆಟ್‌ವರ್ಕ್ ಕಾರ್ಡುಗಳು ಸಾಮಾನ್ಯವಾಗಿ 3ನೆಯ ಸಾಲಿಗೆ ಹೊಂದಿಸಿ ಬರುತ್ತಿದ್ದವು. ಅದೇ ಸಾಲು ಎರಡನೆಯ ಸೀರಿಯಲ್ ಪೋರ್ಟಿನದು! ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಕೊಂಡಿಗಳನ್ನು ಕಿತ್ತು ಬೇರೆ ಮುಳ್ಳಿಗೆ ಸಿಕ್ಕಿಸಿ ಈ ಜಗಳ ಬಿಡಿಸಬೇಕಾಗಿತ್ತು. 1990ರ ದಶಕದಲ್ಲಿ ಗಣಕ ಕಲಿತ ಪಾಲಕರಿಗೆ ಇದು ನೆನಪಿರಬಹುದು.

1992ರಲ್ಲಿ ಪಿಸಿಐ ಸ್ಲಾಟು, 1995ರಲ್ಲಿ ವಿಂಡೋಸ್ 95 ಬಂದ ಮೇಲೆ ಈ ಹಂಚಿಕೆಯನ್ನು ಯಂತ್ರವೇ ಮಾಡಿಕೊಳ್ಳತೊಡಗಿತು. 2003ರಲ್ಲಿ ರೂಪುಗೊಂಡ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕಾರ್ಡುಗಳು ಪ್ರತ್ಯೇಕ ತಂತಿಯ ಬದಲು ಸಂದೇಶದ ಮೂಲಕವೇ ಪ್ರೊಸೆಸರನ್ನು ಕರೆಯಬಲ್ಲವು. ಹೀಗಾಗಿ ಸಾಲಿನ ಜಗಳ ಬಹುಮಟ್ಟಿಗೆ ಮುಗಿಯಿತು. ಕಾರ್ಡಿನಿಂದ ಗಣಕ ನಿಲ್ಲುವುದು ಮಾತ್ರ ಮುಗಿದಿಲ್ಲ. ಕಾರಣಗಳು ಬದಲಾದವು, ಕಾರಣ ಹುಡುಕುವ ದಾರಿ ಬದಲಾಗಲಿಲ್ಲ.

ನೇಕಾರನ ಪ್ರಶ್ನೆ

ಬನಹಟ್ಟಿಯ ಹುಡುಗನ ಕಡೆಗೆ ಮರಳೋಣ. ರಾತ್ರಿ ಅವ್ವನ ಕೈಕಾಲು ಹಿಡಿದು ಸ್ಕ್ರೂಡ್ರೈವರ್ ಪಡೆದ. ಕಾರ್ಡನ್ನು ಕಿತ್ತು ಗುಂಡಿ ಒತ್ತಿದ. ಗಣಕ ಎಂದಿನಂತೆ ಎದ್ದಿತು! 'ಹಾಗಾದರೆ ಕಾರ್ಡೇ ಕೆಟ್ಟದ್ದು' ಎಂದುಕೊಂಡ. ಮರುದಿನ ಕಾರ್ಡನ್ನು ರಬಕವಿಯ ಗೆಳೆಯನ ಮನೆಗೆ ಒಯ್ದು ಅವನ ಗಣಕಕ್ಕೆ ಹಾಕಿ ನೋಡಿದ. ಅಲ್ಲಿ ಏನೂ ತೊಂದರೆಯಾಗಲಿಲ್ಲ. 'ಹಾಗಾದರೆ ನಮ್ಮ ಗಣಕವೇ ಕೆಟ್ಟದ್ದು' ಎಂದುಕೊಂಡು ಸಪ್ಪೆ ಮುಖದಿಂದ ಮನೆಗೆ ಬಂದ. ನಿನ್ನೆಯ ಉತ್ತರಕ್ಕೂ ಇಂದಿನ ಉತ್ತರಕ್ಕೂ ತಾಳೆಯಿಲ್ಲ.

ಮಗ್ಗದ ಮುಂದೆ ನಿಂತು ಎಲ್ಲ ಕೇಳಿಸಿಕೊಂಡ ತಂದೆ ಒಂದು ಪ್ರಶ್ನೆ ಹಾಕಿದರು.

"ರಬಕವಿಯೊಳಗ ಕಾರ್ಡ್ ಹಾಕಿದಾಗ ಆ ಹಳೇ ಡಿಸ್ಕೂ ಹಚ್ಚಿದ್ದೇನು?"

"ಇಲ್ಲಪ್ಪಾ, ಬರೇ ಕಾರ್ಡ್ ಒಯ್ದಿದ್ದೆ."

"ಹಂಗಾರ ನಿನ್ನೆ ರಾತ್ರಿ ಕಾರ್ಡ್ ತಗದಾಗ?"

"ಡಿಸ್ಕಿನ ವೈರು ಕಾರ್ಡಿಗೇ ಇತ್ತಲ್ಲ, ಅದೂ ಕೂಡೇ ಬಂತು."

"ಅಂದ್ರ ಎರಡ ಸಲಾನೂ ಎರಡೆರಡ ಎಳಿ ಒಮ್ಮೆಲೇ ಬಿಚ್ಚೀದಿ. ಯಾವ್ದು ಹರದೈತಿ ಅಂತ ಹೆಂಗ ಗೊತ್ತಾಗಬೇಕು?"

ಗಣಕ ಮುಟ್ಟದ ನೇಕಾರ ಕೇಳಿದ ಈ ಪ್ರಶ್ನೆಯಲ್ಲಿ ಪ್ರಯೋಗಶಾಲೆಯ ಮುಖ್ಯ ನಿಯಮವೇ ಅಡಗಿದೆ. ಒಂದು ಪ್ರಯೋಗದಲ್ಲಿ ಒಂದೇ ಸಂಗತಿಯನ್ನು ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ಹೇಳಲಾಗದು.

ಹುಡುಗ ಮತ್ತೆ ಕುಳಿತ. ಕಾರ್ಡ್ ಮಾತ್ರ ಹಾಕಿದ, ಡಿಸ್ಕ್ ಜೋಡಿಸಲಿಲ್ಲ. ಗಣಕ ಎದ್ದಿತು. ಆರಿಸಿ, ಡಿಸ್ಕ್ ಜೋಡಿಸಿದ. ನಿಂತಿತು. ಅಂದರೆ ಕಾರ್ಡೂ ಸರಿ, ಗಣಕವೂ ಸರಿ. ದೋಷ ಡಿಸ್ಕಿನಲ್ಲಿರಬೇಕು, ಇಲ್ಲವೆ ಅದರ ವೈರಿನಲ್ಲಿರಬೇಕು. ಡಿವಿಡಿ ಡ್ರೈವಿಗೆ ಹಚ್ಚಿದ್ದ ಒಳ್ಳೆಯ ವೈರನ್ನು ಬಿಚ್ಚಿ ಡಿಸ್ಕಿಗೆ ಹಚ್ಚಿದ. ಈ ಸಲ ಗಣಕ ನಿಲ್ಲಲಿಲ್ಲ. ಹಳೆಯ ವೈರು ಒಳಗೆಲ್ಲೋ ಮುರಿದಿತ್ತು. ಡಿಸ್ಕ್ ಇದೆಯೆಂದು ತಿಳಿದ ಕಾರ್ಡು ಅದರಿಂದ ಸರಿಯಾದ ಉತ್ತರ ಬಾರದೆ ಕಾಯುತ್ತ ಕುಳಿತಿತ್ತು, ಅಷ್ಟೇ. ಹುಡುಗ ಮೊದಲು ಮಾಡಿದ ಕೆಲಸವೆಂದರೆ ಫೋಟೋಗಳ ಎರಡು ಪ್ರತಿ ತೆಗೆದದ್ದು. ಅಜ್ಜಿಯ ಫೋಟೋ ಪರದೆಯ ಮೇಲೆ ಬಂದಾಗ ಪಕ್ಕದ ಕೋಣೆಯ ಮಗ್ಗಗಳೂ ಸ್ವಲ್ಪ ಹೊತ್ತು ನಿಂತವು.

ನೀವೂ ಹೀಗೆ ಮಾಡಿ

1. ಗಣಕ ನಿಂತಾಗ ಪರದೆಯ ಮೇಲೆ ಏನಿದೆ, ಎಷ್ಟು ಸಲ ಬೀಪ್ ಸದ್ದು ಬಂತು ಎಂದು ಬರೆದಿಡಿ. ಐದು ನಿಮಿಷ ಕಾಯಿರಿ. ಕೆಲವೊಮ್ಮೆ ಅದು ನಿಂತಿರುವುದಿಲ್ಲ, ತಡ ಮಾಡುತ್ತಿರುತ್ತದೆ.

2. ಒಳಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಬೇಸಿಗೆಯ ಒಣ ಹವೆಯಲ್ಲಿ ಮೈಮೇಲೆ ಸೇರುವ ಸ್ಥಿರ ವಿದ್ಯುತ್ತು ನಮಗೆ ಗೊತ್ತಾಗದಷ್ಟು ಕಡಿಮೆ ಇದ್ದರೂ ಚಿಪ್ಪನ್ನು ಕೆಡಿಸಬಲ್ಲದು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ.

3. ಹೊಸದಾಗಿ ಹಾಕಿದ್ದನ್ನೆಲ್ಲ ತೆಗೆದು ನೋಡಿ. ಗಣಕ ಎದ್ದರೆ ಒಂದೊಂದನ್ನೇ ಮರಳಿ ಜೋಡಿಸಿ. ಪ್ರತಿ ಸಲ ಒಂದೇ ಬದಲಾವಣೆ.

4. ಕಾರ್ಡಿನ ಬಂಗಾರ ಬಣ್ಣದ ಅಂಚನ್ನು ಒಣ ಬಟ್ಟೆಯಿಂದ ಮೃದುವಾಗಿ ಒರೆಸಿ, ಪೂರ್ತಿ ಒಳಗೆ ಕೂಡಿಸಿ. ಅದೇ ಅಳತೆಯ ಇನ್ನೊಂದು ಸ್ಲಾಟ್ ಇದ್ದರೆ ಅಲ್ಲಿಯೂ ನೋಡಿ.

5. ಗ್ರಾಫಿಕ್ಸ್ ಕಾರ್ಡ್ ಆಗಿದ್ದರೆ ವಿದ್ಯುತ್ತಿನ ಲೆಕ್ಕ ಹಾಕಿ. ದೊಡ್ಡ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಬೇರೆ ವಿದ್ಯುತ್ ವೈರ್ ಬೇಕು.

6. ಹಳೆಯ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ಮತ್ತೆ ಮತ್ತೆ ಚಾಲೂ ಮಾಡಬೇಡಿ. ಅದರಲ್ಲಿ ಬೆಲೆಯುಳ್ಳ ಮಾಹಿತಿಯಿದ್ದರೆ ಬಲ್ಲವರಿಗೆ ತೋರಿಸಿ.

ಪಾಲಕರಿಗೆ ಒಂದು ಮಾತು

ಮಗ್ಗಕ್ಕೂ ಗಣಕಕ್ಕೂ ನಂಟು ಹೊಸದಲ್ಲ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ರೂಪಿಸಿದ ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕು ಎಂಬುದನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳು ತೀರ್ಮಾನಿಸುತ್ತಿದ್ದವು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಆ ಕಾರ್ಡುಗಳನ್ನೇ ಆರಿಸಿಕೊಂಡ. ಒಂದು ತೂತು ತಪ್ಪಾದರೆ ಸೀರೆಯ ಅಂಚಿನಲ್ಲಿ ಚಿತ್ರ ಕೆಡುತ್ತದೆ. ಆಗ ನೇಕಾರ ಮಗ್ಗವನ್ನು ಬಯ್ಯುವುದಿಲ್ಲ, ತಪ್ಪಿದ ಕಾರ್ಡನ್ನು ಹುಡುಕುತ್ತಾನೆ. ಮುಧೋಳ, ಬೀಳಗಿಯ ಕಡೆಯ ರೈತನೂ ಹಾಗೆಯೇ. ಪಂಪ್‌ಸೆಟ್ ಏಳದಿದ್ದರೆ ಮೊದಲು ಫ್ಯೂಜ್ ನೋಡುತ್ತಾನೆ, ಆಮೇಲೆ ಸ್ಟಾರ್ಟರ್ ನೋಡುತ್ತಾನೆ. ಬಾವಿಯೊಳಗಿನ ಮೋಟರಿಗೆ ಕೈ ಹಾಕುವುದು ಕೊನೆಗೆ.

ಈ ತಾಳ್ಮೆಯನ್ನು ಮಕ್ಕಳು ಪುಸ್ತಕದಿಂದಷ್ಟೇ ಕಲಿಯುವುದಿಲ್ಲ, ಮನೆಯಲ್ಲಿ ನೋಡಿ ಕಲಿಯುತ್ತಾರೆ. ಯಂತ್ರ ನಿಂತಾಗ "ಕೆಡಿಸಿದೆಯಲ್ಲ" ಎಂದರೆ ಮಗು ಮುಂದೆ ಮುಚ್ಚಿಡಲು ಕಲಿಯುತ್ತದೆ. "ಕೊನೆಗೆ ಏನು ಬದಲಿಸಿದೆ?" ಎಂದು ಕೇಳಿದರೆ ಯೋಚಿಸಲು ಕಲಿಯುತ್ತದೆ. ಈ ಪ್ರಶ್ನೆ ಕೇಳಲು ಗಣಕ ಬರಬೇಕೆಂದಿಲ್ಲ.

ಈ ವಾರದ ಕೆಲಸ: ಮನೆಯಲ್ಲಿ ಕೆಲಸ ಮಾಡದ ಒಂದು ಟಾರ್ಚ್ ಇದ್ದರೆ ತೆಗೆದುಕೊಳ್ಳಿ. ಸೆಲ್, ಬಲ್ಬು, ಸ್ವಿಚ್ಚು, ಈ ಮೂರರಲ್ಲಿ ದೋಷ ಯಾವುದರಲ್ಲಿದೆ ಎಂದು ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪತ್ತೆ ಹಚ್ಚಿ. ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆದದ್ದನ್ನು ಅಪ್ಪ ಅವ್ವನಿಗೆ ಓದಿ ಹೇಳಿ. ಅವರು ನಡುವೆ ಒಂದು ಪ್ರಶ್ನೆ ಕೇಳಿದರೆ ಬೇಸರಿಸಬೇಡಿ. ಹರಿದ ಎಳೆ ಅಲ್ಲೇ ಸಿಕ್ಕೀತು.