ಆಟದ ಪೀರಿಯಡ್ಡಿಗೆ ಕತ್ತರಿ, ಆಟದ ಬಯಲಿಗೆ ಜಾಲಿ ಮುಳ್ಳು!

ಯಾದಗಿರಿ, ಶಹಾಪುರ, ಸುರಪುರ ಮಾರ್ಗದ ಬಸ್ಸಿನಲ್ಲಿ ದಿನಾ ಓಡಾಡುವವರು ರಸ್ತೆ ಬದಿಯ ಶಾಲೆಗಳ ಕಡೆ ಒಮ್ಮೆ ಕಣ್ಣು ಹಾಯಿಸಲಿ. ಕೋಣೆಗಳಿವೆ, ಫಲಕವಿದೆ. ಆಟದ ಬಯಲು ಮಾತ್ರ ಅನೇಕ ಕಡೆ ಹುಡುಕಬೇಕು. ಇದ್ದಲ್ಲಿ ಕಲ್ಲು, ಜಾಲಿ ಮುಳ್ಳು. ‘ಸಾಲಿಗೆ ಕಳಿಸೋದು ಓದಾಕೋ, ಆಡಾಕೋ?’ ಎಂದು ಕೇಳುವ ಪಾಲಕರೂ ಇದ್ದಾರೆ.

ಉತ್ತರ ಕಾನೂನಿನಲ್ಲೇ ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕುಡಿಯುವ ನೀರು, ಶೌಚಾಲಯದಂತೆ ಆಟದ ಮೈದಾನವೂ ಶಾಲೆಗೆ ಬೇಕೇ ಬೇಕು. ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರೂ ಬೇಕು. ಮೈದಾನ ಮುಂತಾದ ಸೌಕರ್ಯಕ್ಕೆ ಕೊಟ್ಟ ಮೂರು ವರ್ಷದ ಗಡುವು 2013ರಲ್ಲೇ ಮುಗಿದಿದೆ.

ಹಾಗಾದರೆ ತೊಡಕೆಲ್ಲಿ? 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ಶೇ. 50.59 ಫಲಿತಾಂಶ ಪಡೆದು ರಾಜ್ಯಕ್ಕೇ ಕೊನೆಯದಾಯಿತು. ಫಲಿತಾಂಶ ಏರಿಸಿ ಎಂಬ ಒತ್ತಡ ಹೆಡ್‌ಮಾಸ್ತರರ ತಲೆಯ ಮೇಲೆ. ಮೊದಲ ಕತ್ತರಿ ಬೀಳುವುದು ಆಟದ ಪೀರಿಯಡ್ಡಿಗೆ. ಅಲ್ಲಿ ಗಣಿತ ಕೂರುತ್ತದೆ, ಪಿ.ಟಿ. ಮಾಸ್ತರು ರಜಿಸ್ಟರ್ ಬರೆಯುತ್ತಾರೆ.

ಇದು ಉಲ್ಟಾ ಲೆಕ್ಕ. ಹತ್ತಿ ಬಿಡಿಸುವ ಕಾಲ ಬಂದರೆ ಹಾಜರಿ ಇಳಿಯುವ, ತಂದೆತಾಯಿಯ ಹಿಂದೆ ಮಕ್ಕಳೂ ಗುಳೆ ಹೋಗುವ ಸೀಮೆಯಿದು. ಇಂಥಲ್ಲಿ ಹುಡುಗರನ್ನು ಶಾಲೆಗೆ ಎಳೆಯುವ ಶಕ್ತಿ ಕಬಡ್ಡಿಗೂ ಇದೆ, ಖೊಖೊಗೂ ಇದೆ. ಬಾರದ ಹುಡುಗನಿಗೆ ಗಣಿತ ಕಲಿಸುವುದು ಹೇಗೆ?

ಜಾಗವಿಲ್ಲ ಎಂಬ ಮಾತೂ ಪೂರ್ತಿ ನಿಲ್ಲದು. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ವಾಲಿಬಾಲಿಗೆ 18 ಮತ್ತು 9. ಕೇಳುತ್ತಿರುವುದು ಸ್ಟೇಡಿಯಂ ಅಲ್ಲ, ಕಲ್ಲು ಆರಿಸಿದ ಸಮನೆಲ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತದ ವನಿತೆಯರ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ! ಸುರಪುರದ ಹಳ್ಳಿಗಳಲ್ಲಿ ಅಂಥವರು ಹುಟ್ಟುವುದಿಲ್ಲವೇ? ಸಂಗ್ರಾಣಿ ಕಲ್ಲು ಎತ್ತಿ ಮೀಸೆ ತಿರುವಿದ ನಾಡಿದು.

ಇನ್ನು ದುಡ್ಡು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಆಟದ ಸಾಮಾನಿಗೆ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000ದವರೆಗೆ ಎಂದು ಗೊತ್ತುಮಾಡಲಾಗಿದೆ. ಐದು ಸಾವಿರಕ್ಕೆ ಎಷ್ಟು ಚೆಂಡು, ಎಷ್ಟು ನೆಟ್ ಬರುತ್ತವೆಂದು ಅಂಗಡಿಕಾರರಿಗೇ ಗೊತ್ತು. ಚೆಂಡು ಬಂದರೂ ಬಯಲಿಲ್ಲದಿದ್ದರೆ ಅದು ಕಪಾಟಿನಲ್ಲೇ ಗಾಳಿ ಬಿಡುತ್ತದೆ. 371 (ಜೆ) ಬಂದ ಮೇಲೆ ಈ ಭಾಗಕ್ಕೆಂದೇ ಮಂಡಳಿಯಿದೆ, ಅನುದಾನವಿದೆ. ಕಟ್ಟಡದ ಜತೆಗೆ ಬಯಲಿಗೂ ಒಂದು ಪಾಲು ತೆಗೆದಿಟ್ಟರೆ ಮುಳುಗುವುದೇನು?

ಮೊದಲು ಶಾಲಾ ಜಾಗದ ಸರ್ವೆಯಾಗಲಿ, ಒತ್ತುವರಿ ತೆರವಾಗಲಿ. ಸ್ವಂತ ಬಯಲಿಲ್ಲದ ಎರಡು ಮೂರು ಶಾಲೆಗಳಿಗೆ ಒಂದು ಮೈದಾನ, ಒಬ್ಬ ಪಿ.ಟಿ. ಮಾಸ್ತರರಾದರೂ ಸಿಗಲಿ. ಎಸ್‌ಡಿಎಂಸಿಯವರು ಆಟದ ಪೀರಿಯಡ್ಡು ನಡೆಯಿತೇ ಎಂದು ವಾರಕ್ಕೊಮ್ಮೆ ಕೇಳಲಿ. ಇದಕ್ಕೆ ಬೆಂಗಳೂರಿನ ಆದೇಶ ಬೇಕಿಲ್ಲ.

ಸಂಬಂಧಪಟ್ಟವರು ಕಣ್ಣು ತೆರೆಯುವರೇ? ಇಲ್ಲಾ, ಮುಂದಿನ ಕ್ರೀಡಾಕೂಟದ ಹಿಂದಿನ ದಿನವಷ್ಟೇ ಜಾಲಿ ಕಡಿಸುವರೇ?